ಕುಬಸದ ಉಂಡಿ

ಗಜೇಂದ್ರಗಡ
ಸೋಮವಾರ, 10 ಜೂನ್ 2024

ಮೆಣಸಗಿಯ ಬೀಗತಿ ಮರಿಯಕ್ಕನವರಿಗೆ ಕಲ್ಲವ್ವನ ಶರಣು.

ಫೋನ್ ಹಚ್ಚಬಹುದಿತ್ತು. ಆದ್ರ ಫೋನಿನ್ಯಾಗ ನನ್ನ ನಾಲಿಗಿ ನನ್ನ ಮಾತು ಕೇಳೂದಿಲ್ಲ. ಮೂರನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ ನಾನು, ಅಕ್ಷರಕ್ಕ ಅಕ್ಷರ ಕೂಡಿಸೂದ್ರಾಗ ಅರ್ಧ ಸಿಟ್ಟು ಇಳೀತೈತಿ. ಉಳಿದರ್ಧ ನೀವು ಸಹಿಸಿಕೋಬೇಕು.

ಮೊನ್ನೆ ನನ್ನ ಮಗಳು ಉಮಾಶ್ರೀಗೆ ಏಳು ತಿಂಗಳಂತ ಕುಬಸ ಮಾಡಾಕ ಬುತ್ತಿ ಕಟಗೊಂಡು ನಿಮ್ಮ ಮನಿಗೆ ಬಂದೆ. ನೀವೂ ಚಲೋ ಮಾಡಿದ್ರಿ. ಹಸರ ಸೀರಿ, ತಲಿಗೆ ಹೂವಿನ ದಂಡಿ, ಆರತಿ, ಒಂದಕ್ಕೂ ಕಡಿಮಿ ಇರಲಿಲ್ಲ. ಆದ್ರ ಬಳಿ ಇಡಸುವಾಗ ಅಕಿ ಅಂಗೈ ನೋಡಿದೆ. ಸುಣ್ಣ ಬಳದಂಗ ಬೆಳ್ಳಗ ಆಗೈತಿ. ಕೇಳಿದ್ರ, ಏನೂ ಇಲ್ಲ ಬಿಡಬೇ ಅಂದ್ಲು. ನಿಮ್ಮೂರ ಆಶಾ ಕಾರ್ಯಕರ್ತಿನ್ನ ಕೇಳಿದೆ. ರಕ್ತ ಭಾಳ ಕಡಿಮಿ ಐತಿ, ಹಿಂಗ ಆದ್ರ ಹೆರಿಗಿ ಹೊತ್ತಿನ್ಯಾಗ ತಾಯಿಗೂ ಕೂಸಿಗೂ ಕಷ್ಟ, ಬರೇ ಗುಳಿಗಿ ಸಾಲೂದಿಲ್ಲ, ದಿನಾ ಬಾಲವಾಡಿಗೆ ಬಂದು ಬಸರಿಯರ ಊಟ ಉಣ್ಣಬೇಕು ಅಂದ್ಲು.

ಅದನ್ನ ನಿಮ್ಮ ಮುಂದ ತಗದ್ರ ಏನಂದ್ರಿ? ನಮ್ಮ ಹಗೇದಾಗಿನ ಜ್ವಾಳ ತೀರಿಲ್ಲ, ಸೊಸಿನ್ನ ಸರಕಾರದ ಪಂಕ್ತಿಗೆ ಕೂಡಸಿ ಮಾನ ಕಳಕೊಳ್ಳೂದಿಲ್ಲ ಅಂದ್ರಿ.

ಜ್ವಾಳ ಐತಿ, ಖರೇ. ಅಕಿ ಉಣ್ಣೂದು ಯಾವಾಗ? ಗಂಡಸರು ಉಂಡು, ನೀವು ಉಂಡು, ಕಡೀಕ ಬುಟ್ಟಿ ತಳದ ರೊಟ್ಟಿ, ಗಡಿಗಿ ತಳದ ಸಾರು. ಇದು ನಿಮ್ಮ ಮನೀದೊಂದ ಪದ್ಧತಿ ಅಲ್ಲ, ಎಲ್ಲಾ ಕಡೆ ಹಂಗ. ಬಾಲವಾಡ್ಯಾಗ ಮಾತ್ರ ಬಸರಿ ಮೊದಲು ಉಣ್ತಾಳ. ಬಿಸಿ ಅನ್ನ, ಪಲ್ಯ, ಮೊಳಕಿಕಾಳು, ಹಾಲು. ಅಕಿ ತಾಟಿಗೆ ಯಾರೂ ಪಾಲು ಕೇಳಾಕ ಬರೂದಿಲ್ಲ.

ಇನ್ನ ಮಾನದ ಮಾತು. ಬಸರಿಗೆ ಬಯಕಿ ಅಂತ ಓಣಿ ಮಂದಿ ಬುತ್ತಿ ತರ್ತಾರ. ಬುತ್ತಿ ಬಂತಂದ್ರ ಮನ್ಯಾಗ ಕಾಳಿಲ್ಲ ಅಂತ ಅರ್ಥ ಏನು? ಹೊಳ್ಳಿ ಕಳಿಸಿದ್ರ ಪಾಪ ಅನ್ನಾವ್ರೂ ನೀವ. ಇದನ್ನೂ ಒಂದು ಬುತ್ತಿ ಅಂತ ತಿಳಕೋರಿ. ಬುತ್ತಿ ಮನಿಗೆ ಬರೂ ಬದಲಿ ಬಸರಿ ಬುತ್ತಿ ಕಡೆ ಹೋಗ್ತಾಳ, ಅಷ್ಟ ಫರಕು.

ಒಂಬತ್ತು ತಿಂಗಳದಾಗ ಬಂದು ಹೆರಿಗಿಗೆ ಕರಕೊಂಡು ಹೋಗ್ತೀನಿ. ಅಲ್ಲೀತನ ಅಕಿ ನಿಮ್ಮ ಕೈಯಾಗ. ಯಾರ ಮುಂದೂ ತಲಿ ತಗ್ಗಿಸಿದಾಕಿ ಅಲ್ಲ ನಾನು. ಈ ಕಾಗದದಾಗ ತಗ್ಗಿಸೀನಿ.

ಸಿಟ್ಟಿನಾಕಿ ಆದ್ರೂ ನಿಮ್ಮಾಕಿ,
ಕಲ್ಲವ್ವ

ತಾ.ಕ.: ಕುಬಸದ ಬುತ್ತಿಯಾಗಿನ ಉಂಡಿ ಒಂದರ ಮ್ಯಾಲೊಂದು ತಿಂದು, ಹ್ಯಾಂಗ ಮಾಡೀರಿ ಕಲ್ಲವ್ವ, ಬರದು ಕಳಸ್ರಿ ಅಂದಿದ್ರಿ. ಬೆಲ್ಲ, ಶೇಂಗಾ, ತುಪ್ಪ ನಮ್ಮನೀವು. ಹಿಟ್ಟು ಮಾತ್ರ ನನ್ನ ಮಗನ ಮಗಳಿಗೆ ಇಲ್ಲಿ ಬಾಲವಾಡ್ಯಾಗ ಕೊಡೂ ಹಿಟ್ಟು. ಅವತ್ತಿನಿಂದ ನಿಮ್ಮ ಮಾನಕ್ಕ ಏನರ ಆಗೈತೇನು, ನೋಡಕೋರಿ. ಆಗಿರದಿದ್ರ ನಾಳಿಂದ ಉಮಾಶ್ರೀನ್ನ ಕಳಸ್ರಿ.