ಹಿಪ್ಪುನೇರಳೆ ಹಣ್ಣಾದ ವಾರ

ಪ್ರೀತಿಯ ಅಕ್ಕಾ,

ಮಹಡಿಯ ಡ್ರಮ್ಮಿನಲ್ಲಿ ನಾನು ನೆಟ್ಟಿದ್ದ ಹಿಪ್ಪುನೇರಳೆ ಈ ಸಲ ಹಣ್ಣು ಬಿಟ್ಟಿದೆ. ಆಪರೇಷನ್ ಆದಾಗಿನಿಂದ ಅಪ್ಪನಿಗೆ ಬಾಯಿರುಚಿ ಕೆಟ್ಟು, ತಟ್ಟೆಯನ್ನು ಹಾಗೇ ತಳ್ಳಿಬಿಡುತ್ತಿದ್ದರು. ನಿನ್ನೆ ಒಂದು ಬಟ್ಟಲು ಹಣ್ಣು ಕೊಟ್ಟೆ. ಅರ್ಧ ತಿಂದು, ಕಪ್ಪಾದ ಬೆರಳನ್ನೂ ಚೀಪಿ, “ಉಳಿದಿದ್ದು ದೊಡ್ಡವಳಿಗೆ ಎತ್ತಿಡು, ಅವಳಿಗೆ ಇದಂದ್ರೆ ಜೀವ” ಅಂದರು. ಅವರ ಮಾತು ಮೀರಿ ನೀನು ಮದುವೆಯಾದ ಮೇಲೆ, ಈ ಆರು ವರ್ಷದಲ್ಲಿ ಅವರು ನಿನ್ನ ಸುದ್ದಿ ಎತ್ತಿದ್ದು ಇದೇ ಮೊದಲು. ಬಟ್ಟಲು ಒಳಗಿಟ್ಟು, ಗಿಡದಲ್ಲಿ ಇನ್ನೆಷ್ಟು ಹಣ್ಣಿವೆ ಎಂದು ಮಹಡಿ ಹತ್ತಿ ನೋಡಿಬಂದೆ.

ಈ ಹಣ್ಣು ಎರಡು ದಿನವೂ ಇರುವುದಿಲ್ಲ. ಗಿಡದಲ್ಲಿ ಇನ್ನೂ ಕೆಂಪಗಿರುವವು ಭಾನುವಾರಕ್ಕೆ ಕಪ್ಪಾಗುತ್ತವೆ, ಅವತ್ತೇ ಬಾ. ಭಾವನನ್ನೂ ಕರೆಯಲೇ ಎಂದು ಹೆದರುತ್ತಲೇ ಅಪ್ಪನನ್ನು ಕೇಳಿದೆ.

“ಯಾಕೆ, ಅವನು ಹಣ್ಣು ತಿನ್ನಲ್ವಾ?” ಅಂದರು.

ನಿನ್ನ ದಾರಿ ನೋಡುತ್ತಿರುವ
ತಂಗಿ