ತಿರುಗಿ ಕಳಿಸಿದ ತೆಂಗಿನಕಾಯಿ

ಅಜ್ಜಂಪುರ, 19 ಡಿಸೆಂಬರ್ 1912
ಸ್ಕೂಲು ಬಿಟ್ಟಮೇಲೆ ಮತ್ತೆ ಹೊಲಿಗೆ. ಕುಪ್ಪಸದ ಒಂದು ತೋಳು ಮುಗಿಯಿತು. ಲಿಂಗಿಗೆ. ಬೆಳಗಿನ ಚಳಿಗೆ ಬಳಪ ಹಿಡಿಯಲಾರದೆ ನಡುಗುತ್ತಾಳೆ, ಪಾಪ. ಕೊಡಲೋ ಬೇಡವೋ? ‘ಕಿರಿಸ್ತಾನರ ಟೀಚರಮ್ಮ ಬಟ್ಟೆ ಕೊಟ್ಟು ಜಾತಿ ಕೆಡಿಸ್ತಾಳೆ’ ಅಂದುಬಿಟ್ಟರೆ... ಇರುವುದೇ ಬೆರಳೆಣಿಕೆಯ ಹುಡುಗಿಯರು. ಜನವರಿಯಲ್ಲಿ ಇನ್‌ಸ್ಪೆಕ್ಟರ್ ಬರುತ್ತಾರೆ. ಬೆಂಚು ಖಾಲಿಯಿದ್ದರೆ ಶಾಲೆಗೆ ಬೀಗ.

24 ಡಿಸೆಂಬರ್
ಕೊಟ್ಟೆ. “ಯಾಕ್ ಟೀಚರಮ್ಮ? ನಮ್ಮನೇಲಿ ಮದ್ವೆ ಏನೂ ಇಲ್ವಲ್ಲ!” ಅಂದಳು. ನಕ್ಕುಬಿಟ್ಟೆ. ನಾಳೆ ನಮ್ಮ ಸ್ವಾಮಿ ಹುಟ್ಟಿದ ಹಬ್ಬ ಕಣೇ, ಅದಕ್ಕೆ ಅಂದೆ.

25 ಡಿಸೆಂಬರ್, ರಾತ್ರಿ
ಕಡೂರಿನ ಚರ್ಚಿನಲ್ಲಿ ಆರಾಧನೆ ಚೆನ್ನಾಗಿತ್ತು. ಪಾದ್ರಿಗಳು ಹೇಳಿದರು — ದೇವರು ಮಗನನ್ನೇ ಕೊಟ್ಟ, ಅದಕ್ಕೆ ಯಾರು ಮುಯ್ಯಿ ತೀರಿಸಿಯಾರು? ಕೈಯೊಡ್ಡಿ ತೆಗೆದುಕೊಳ್ಳಬೇಕು, ಅಷ್ಟೆ. ವಾಪಸು ಬರುವಾಗ ರೈಲಿನಲ್ಲೆಲ್ಲ ಅದೇ ಮಾತು ತಲೆಯಲ್ಲಿ.

26 ಡಿಸೆಂಬರ್
ಲಿಂಗಿಯ ತಾಯಿ ಹುಚ್ಚಮ್ಮ ಬಂದರು. ಮೊರದಲ್ಲಿ ಅಕ್ಕಿ, ಬೆಲ್ಲ, ಅವರ ತೋಟದ ತೆಂಗಿನಕಾಯಿ. “ಮುಯ್ಯಿ ಕಣ್ರೀ. ಇಸ್ಕಂಡು ಸುಮ್ಕಿರೋ ಮನೆತನ ಅಲ್ಲ ನಮ್ದು.” ಬೇಡ ಅಂದೆ. ಪಾದ್ರಿಗಳ ಮಾತನ್ನೇ ಒಪ್ಪಿಸಿದೆ — ಹಬ್ಬದ ಉಡುಗೊರೆಗೆ ಮುಯ್ಯಿ ಇಲ್ಲಮ್ಮ, ವಾಪಸು ತಗೊಂಡು ಹೋಗಿ. ಅವರ ಮುಖ ಸಣ್ಣಗಾಯಿತು. ಮೊರ ಎತ್ತಿಕೊಂಡು ಹೋದರು. ಯಾಕೋ ಸಮಾಧಾನವಿಲ್ಲ.

27 ಡಿಸೆಂಬರ್
ಲಿಂಗಿ ಬರಲಿಲ್ಲ. ನೆಗಡಿಯಿರಬೇಕು.

30 ಡಿಸೆಂಬರ್
ಇವತ್ತು ಯಾರೂ ಇಲ್ಲ. ಒಬ್ಬಳೂ. ಮಧ್ಯಾಹ್ನ ಲಿಂಗಿಯ ಅಪ್ಪ ಚನ್ನಬಸಪ್ಪ ಬಂದು ಕುಪ್ಪಸ ಜಗಲಿಯ ಮೇಲಿಟ್ಟರು. “ನಮ್ಮನೆ ಕಾಯಿ ನಿಮ್ಗೆ ಮೈಲಿಗೆ ಆಯ್ತಾ, ವಿಮಲಮ್ನೋರೆ? ಹಂಗಾದ್ರೆ ನಿಮ್ದೂ ನಮ್ಗೆ ಬ್ಯಾಡ. ಊರ್ನಾಗೆ ಯಾರೂ ಮಕ್ಳನ್ನ ಕಳ್ಸಲ್ಲ.”

ಮೈಲಿಗೆ! ನಮ್ಮೂರು ದೇವನೂರಲ್ಲಿ, ಮುಟ್ಟಿದರೆ ಮೈಲಿಗೆಯೆಂದು, ನನ್ನವ್ವನ ಬೊಗಸೆಗೆ ನೀರನ್ನು ಮೇಲಿಂದ ಹುಯ್ಯುತ್ತಿದ್ದರು. ಅವಳ ಮಗಳ ಹೊಸ್ತಿಲಿಗೆ ಒಬ್ಬಾಕೆ ಮೊರ ಹೊತ್ತು ಬಂದರೆ, ಅಟ್ಟಿಬಿಟ್ಟೆನಲ್ಲ. ಕೈಯೊಡ್ಡಬೇಕು ಅಂತ ಪಾದ್ರಿಗಳು ಹೇಳಿದ್ದು ನನಗೇ ತಾನೆ? ಕೊಡುವವಳು ನಾನು ಅನ್ನುವ ಹಮ್ಮು. ನಾಚಿಕೆ, ಅಳು ಎರಡೂ ಬರುತ್ತಿವೆ.

31 ಡಿಸೆಂಬರ್, ಸಂಜೆ
ಅವರ ಮನೆಗೆ ಹೋದೆ. ಅಂಗಳದಲ್ಲೇ ನಿಂತೆ. ತಪ್ಪಾಯಿತು ಹುಚ್ಚಮ್ಮನವರೇ, ಅವತ್ತಿನ ಕಾಯಿ ಕೊಡಿ ಅಂದೆ.
“ಅದ್ನ ಅವತ್ತೇ ಒಡ್ದು ಚಟ್ನಿ ಅರ್ದಾಯ್ತು.” ನಗಲಿಲ್ಲ. ಒಳಗೆ ಹೋದರು. ಕುಪ್ಪಸವನ್ನು ಅವರ ಜಗಲಿಯ ಮೇಲಿಟ್ಟು ಬಂದೆ.

1 ಜನವರಿ 1913, ಬೆಳಗ್ಗೆ
ಗಂಟೆ ಬಾರಿಸಿದೆ. ಬೀದಿ ಖಾಲಿ. ಬಾಗಿಲ ಕಡೆ ನೋಡಬಾರದು ಅಂತ ಕೂತು ಬರೆಯುತ್ತಿದ್ದೇನೆ. ಇವತ್ತೂ ಬರದಿದ್ದರೆ —

ಲಿಂಗಿ! ಕುಪ್ಪಸ ತೊಟ್ಟಿದ್ದಾಳೆ. ಹಿಂದೆ ಅವಳಮ್ಮ, ಕೈಯಲ್ಲಿ ಮೊರ. “ಏನ್ರೀ, ಈ ಸಲನಾದ್ರೂ ಇಸ್ಕಂತೀರೋ ಇಲ್ವೋ?” ಅನ್ನುತ್ತಿದ್ದಾರೆ. ಎರಡೂ ಕೈ ಒಡ್ಡಬೇಕು, ಪೆನ್ನು —