ಶನಿವಾರದ ನಾಗಪುರ ಫ್ಲೈಟ್

ಏಪ್ರಿಲ್ 6, ಸೋಮವಾರ
ಚನ್ನರಾಯಪಟ್ಟಣ. ಅಜ್ಜಿಯ ನಡುಮನೆಯೇ ಆಫೀಸು. ನನ್ನ ನಿಶ್ಚಿತಾರ್ಥ ಮುಗಿಯುವವರೆಗೆ ವರ್ಕ್ ಫ್ರಮ್ ಹೋಮ್. ನಮ್ಮ ಅಗ್ಗದ ಏರ್‌ಲೈನಿಗೆ ಇರುವುದೇ ಆರು ವಿಮಾನ. ಒಂದರ ಎಂಜಿನ್ ಕೆಟ್ಟು ಮೂಲೆ ಸೇರಿದೆ. ಐದರಲ್ಲಿ ಆರರ ಕೆಲಸ ಆಗಬೇಕು. ಇಳಿದ ವಿಮಾನ ಅರ್ಧ ಗಂಟೆಯಲ್ಲಿ ಮತ್ತೆ ಹಾರಬೇಕು. ಬೆಳಿಗ್ಗೆ ಒಂದು ತಡವಾದರೆ ರಾತ್ರಿಯವರೆಗೂ ತಡ...

ಮಾದಮ್ಮಜ್ಜಿ ಸ್ಕ್ರೀನಿಗೆ ಇಣುಕಿದಳು. "ಏಟೊಂದು ಗೆರೆ ಕಣವ್ವ. ರಂಗೋಲಿ ಬುಡ್ತಿದ್ದೀಯಾ?"
"ಯಾವ ವಿಮಾನ ಎಲ್ಲಿಗೆ ಹೋಗ್ಬೇಕು ಅಂತ ಹಾಕ್ತಿದ್ದೀನಿ ಅಜ್ಜಿ."
"ಅಂಗಾರೆ ಅರಕಲಗೂಡಿಗೂ ಒಂದು ಬುಡು. ಬಸ್ನಾಗೆ ಸೊಂಟ ಓಯ್ತದೆ."

ಏಪ್ರಿಲ್ 8
ಬಾಸ್ ಶಶಿಕುಮಾರ್ ಸರ್ ಫೋನ್. ಶನಿವಾರ ಸಂಜೆ ಒಂದು ಫ್ಲೈಟ್ ಕಡಿಯಲೇಬೇಕು. ನಾಗಪುರ–ಬೆಂಗಳೂರು ಅರ್ಧವೂ ತುಂಬುತ್ತಿಲ್ಲ. ಕೊಚ್ಚಿಗೆ ಸೀಟೇ ಸಾಲದು. ಕಡಿದೆ. ವಿಮಾನ ಕೊಚ್ಚಿಗೆ — 18ರಿಂದಲೇ. ಸರ್ "ಸೂಪರ್" ಅಂದರು. ದಿನವಿಡೀ ಬೀಗಿದೆ.

ಏಪ್ರಿಲ್ 10
ಸತ್ತೆ.
ನನ್ನ ಹುಡುಗ ಗೌತಮ್ ಮನೆಯವರು ಮೂಲ ಕೊರವಂಗಲ, ಈಗ ನಾಗಪುರ. ನಿಶ್ಚಿತಾರ್ಥಕ್ಕೆ ರೈಲಿನಲ್ಲಿ ಬರುತ್ತಾರೆಂದುಕೊಂಡಿದ್ದೆ. ನನಗೆ ಸರ್‌ಪ್ರೈಸ್ ಕೊಡಲು ನಮ್ಮ ಫ್ಲೈಟನ್ನೇ ಬುಕ್ ಮಾಡಿದ್ದನಂತೆ — 18, ಶನಿವಾರ ಸಂಜೆ. ಹನ್ನೊಂದು ಜನ.
ಫೋನಿನಲ್ಲಿ ಕಿರುಚಿದ: "ಯಾವನೋ ತಲೆಕೆಟ್ಟೋನು ಕ್ಯಾನ್ಸಲ್ ಮಾಡವ್ನೆ ಕಣೆ. ಯಾರು ಅಂತ ನೋಡಿ ಹೇಳು."
"ನೋಡ್ತೀನಿ" ಅಂದೆ.
ಅಜ್ಜಿ ನನ್ನ ಪಕ್ಕದಲ್ಲೇ ಕೂತು ನೆಟಿಗೆ ಮುರಿದಳು. "ಅವ್ನ ಮನೆ ಎಕ್ಕುಟ್ಟೋಗ!" ಅದು ಇದೇ ಮನೆ ಅಂತ ಹೇಗೆ ಹೇಳಲಿ?

ಏಪ್ರಿಲ್ 11
ಫ್ಲೈಟ್ ವಾಪಸ್ ಹಾಕಲು ಕೈ ಹೋಯಿತು. ಆದರೆ ಕೊಚ್ಚಿ ಆಗಲೇ ಫುಲ್. ನಮ್ಮ ಹನ್ನೊಂದು ಜನಕ್ಕಾಗಿ ಅಷ್ಟೂ ಜನರನ್ನು ಇಳಿಸಲಾ? ಕೈ ಹಿಂದಕ್ಕೆ ತೆಗೆದೆ. ಗೌತಮ್ ಮನೆಯವರಿಗೆ ಶುಕ್ರವಾರದ ಫ್ಲೈಟ್ ಸಿಕ್ಕಿತು.

ಏಪ್ರಿಲ್ 17, ಶುಕ್ರವಾರ
ಬಂದೇಬಿಟ್ಟರು! ಗೋಡೆಗೆ ಸುಣ್ಣ ಅರ್ಧ, ನನ್ನ ಮುಖಕ್ಕೆ ಕಡಲೆಹಿಟ್ಟು ಪೂರ್ತಿ. ಅತ್ತೆಯಾಗುವವರು ಸೆರಗು ಸಿಕ್ಕಿಸಿ ಈರುಳ್ಳಿ ಹೆಚ್ಚಲು ಕೂತರು. ಮಾವ ಚೆನ್ನಯ್ಯ ಸುಣ್ಣದ ಬ್ರಷ್ ಕಿತ್ತುಕೊಂಡರು. ಅಜ್ಜಿ ಹೊಸ ಬೀಗರಿಂದಲೇ ಕೆಲಸ ತೆಗೆಯುತ್ತಿದ್ದಾಳೆ.

ಏಪ್ರಿಲ್ 19, ಭಾನುವಾರ
ಉಂಗುರ ಆಯಿತು. ಪಂಕ್ತಿಯಲ್ಲಿ ಶಶಿಕುಮಾರ್ ಸರ್, ಎಲ್ಲರಿಗೂ ಕೇಳುವಂತೆ — "ಶನಿವಾರದ ನಾಗಪುರ ಫ್ಲೈಟ್ ಮುಟ್ಟೋಕೆ ನಮಗ್ಯಾರಿಗೂ ಧೈರ್ಯ ಇರ್ಲಿಲ್ಲ. ಕವನಾ ಒಂದೇ ಏಟಿಗೆ ಕಡಿದಾಕಿದ್ಲು!"
ಸಾಂಬಾರ್ ಬಡಿಸುತ್ತಿದ್ದವರೂ ನಿಂತರು. ಗೌತಮ್ ಬಾಯಲ್ಲಿ ಹಪ್ಪಳ, ಕಡಿಯುವುದೇ ಮರೆತ.
"ನೀನೇನವ್ವಾ?" ಮಾವ ಕೇಳಿದರು.
"ಹೂಂ ಮಾವ. ಖಾಲಿ ಹೋಗ್ತಿತ್ತು."
"ನಾವು ಅದ್ರಾಗೆ ಬತ್ತೀವಿ ಅಂತ ಗೊತ್ತಾದ್ಮೇಲೂ ವಾಪಸ್ ಆಕ್ಲಿಲ್ವಾ?"
"ಇಲ್ಲ. ಕೊಚ್ಚಿಯೋರು ಟಿಕೆಟ್ ತಗೊಂಡ್ಬಿಟ್ಟಿದ್ರು."
ಮಾವ ಪಾಯಸ ಸುರಿದು ಎಲೆ ಬಳಿದರು. ಆಮೇಲೆ ಮಗನ ಕಡೆ ತಿರುಗಿದರು. "ಲೇ ಗೌತಮ, ಇನ್ಮೇಲೆ ನಿನ್ನಾಟ ನಡೆಯಕ್ಕಿಲ್ಲ ಕಣ್ಲಾ."
ಮೊದಲು ನಕ್ಕಿದ್ದು ಅತ್ತೆ. ಅಜ್ಜಿ ಮಾತ್ರ ಅವತ್ತಿನ ಶಾಪ ನೆನಪಾಗಿ ಒಳಗೆ ಓಡಿ, ಉಪ್ಪು ತಂದು ಬಾಗಿಲಿಗೆ ದೃಷ್ಟಿ ತೆಗೆದಳು.

ಸಂಜೆ
ಹಿತ್ತಲಲ್ಲಿ ಗೌತಮ್. "ತಿರ್ಗಾ ಬಿಡೇ ಆ ಫ್ಲೈಟ್ನ. ವಾರವಾರ ಬತ್ತೀನಿ."
"ಒಬ್ಬ ಸಾಲಲ್ಲ. ಸೀಟು ತುಂಬ್ಬೇಕು, ಕಡೇ ಪಕ್ಷ ನೂರಕ್ಕೆ..." ಅಂದೆ. ಕೈ ಹಿಡಿದುಕೊಂಡ. ನೂರಕ್ಕೆ ಎಷ್ಟು ಅಂತ ಈಗಲೂ ನೆನಪಾಗ್ತಾ ಇಲ್ಲ.